ಚೀಟಿ ಬರೆದುಕೊಟ್ಟರೆ ಸಾಕಾ?

2024 ಡಿಸೆಂಬರ್ 14, ಶನಿವಾರ
ಕೋಥ್ರೂಡ್, ಪುಣೆ

ಸೊಂಟ ಹಿಡಿದುಕೊಂಡಿದೆ. ಆದರೂ ಇದನ್ನು ಬರೆಯದೆ ಮಲಗಿದರೆ ನಿದ್ದೆ ಬರಲ್ಲ.

ಇವತ್ತಿನ ಹಲ್ಲಿನ ಕ್ಯಾಂಪ್ ಪಿರಂಗುಟ್‌ನಿಂದ ಒಳಗಿರುವ ಜಿಲ್ಲಾ ಪರಿಷತ್ ಶಾಲೆಯಲ್ಲಿ. ಎರಡು ಬೆಂಚು ಜೋಡಿಸಿ ಚಾದರ ಹಾಸಿದರೆ ಅದೇ ನಮ್ಮ ಡೆಂಟಲ್ ಕುರ್ಚಿ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು ಮಲಗಿ ಬಾಯಿ ತೆರೆದಳು. ಎಡಗಡೆ ಹಲ್ಲೆಲ್ಲ ಸ್ವಚ್ಛ. ಬಲಗಡೆ ಮಾತ್ರ ಹಳದಿ ಕೊಳೆ ದಪ್ಪಗೆ ಕಟ್ಟಿದೆ. ಅಂದರೆ ಆ ಕಡೆಯಿಂದ ಅಗಿಯೋದನ್ನೇ ಮಗು ಬಿಟ್ಟುಬಿಟ್ಟಿದೆ. ಟಾರ್ಚ್ ಹಾಕಿ ನೋಡಿದರೆ ಕೆಳಗಿನ ದವಡೆ ಹಲ್ಲಿನಲ್ಲಿ ತೂತು, ತೂತಿನ ತುಂಬ ಬಿಸ್ಕತ್ತು. ಮರಾಠಿಯಲ್ಲಿ ಏನೋ ಕೇಳುತ್ತಾ ಮುಟ್ಟಿದೆ. "ಯವ್ವಾ" ಅಂದಳು.

ಅರೆ, ನಮ್ಮ ಕಡೆಯವಳು! ಯಾದಗಿರಿಯವರಂತೆ. ಅಪ್ಪ ಅಮ್ಮ ಇಬ್ಬರೂ ಅಲ್ಲೇ ಹತ್ತಿರ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಪಾಲಕರ ಒಪ್ಪಿಗೆ ಬೇಕಲ್ವಾ, ಹೇಳಿ ಕಳಿಸಿದೆ. ಕೈಗೆ ಮೆತ್ತಿದ ಸಿಮೆಂಟನ್ನೂ ತೊಳೆಯದೆ ತಾಯಿ ಓಡಿಬಂದರು.

"ಹಾಲಹಲ್ಲ ಅದರಿ ಡಾಕ್ಟ್ರೇ. ಬಿದ್ದು ಮತ್ತ ಬರ್ತದಲ್ರಿ?"

ಯಾವ ಊರಿಗೆ ಹೋದರೂ ಇದೇ ಪ್ರಶ್ನೆ. ತಪ್ಪು ಅವರದಲ್ಲ. ಆರು ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಈ ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತೆ. ಅದಕ್ಕಾಗಿ ಯಾವ ಹಲ್ಲೂ ಬೀಳಲ್ಲ, ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತೇ ಆಗಲ್ಲ. ಜೀವನಪೂರ್ತಿ ಇರಬೇಕಾದ ಹಲ್ಲು ಎಂಟು ವರ್ಷಕ್ಕೇ ಹುಳುಕಾಗಿರುತ್ತೆ.

"ಇಲ್ರೀ ಅಕ್ಕಾ, ಇದು ಹೋದ್ರ ಮತ್ತ ಬರಂಗಿಲ್ಲ" ಅಂದೆ. ಅವರ ಮುಖ ಸಣ್ಣದಾಯಿತು. ಸೊಂಟದ ಸಂಚಿಗೆ ಕೈಹಾಕಿ ಮಡಚಿಟ್ಟ ಒಂದು ಚೀಟಿ ತೆಗೆದರು. ಅದರ ಜೊತೆಗೇ ಮಿಶ್ರಿಯ ಪುಟ್ಟ ಡಬ್ಬಿಯೂ ಹೊರಗೆ ಬಂತು.

"ಹೋದ ವರ್ಷ ಯಾರೋ ಬಂದು ನೋಡಿ ಇದು ಬರದು ಕೊಟ್ಟಾರ್ರಿ. ಪುಣಾಕ್ಕ ದೊಡ್ಡ ದವಾಖಾನಿಗಿ ಹೋಗ್ರಿ ಅಂದ್ರು. ಹೋದ್ರ ಪಗಾರ ಹೋಗ್ತದ. ಒಂದ ದಿನಕ್ಕ ಮುಗಿಯಂಗಿಲ್ಲ ಅಂತಾರ. ಆಕಿ ಅಳ್ತಾ ಕುಂತಾಗ ಇದನ್ನೇ ಒಂಚೂರು ಹಚ್ಚತೀನ್ರಿ."

ಮಿಶ್ರಿ ಅಂದರೆ ಹುರಿದು ಪುಡಿಮಾಡಿದ ತಂಬಾಕು. ಎಂಟು ವರ್ಷದ ಮಗುವಿನ ಒಸಡಿಗೆ. ನನಗೆ ಸಿಟ್ಟು ಬಂತು, ಆ ತಾಯಿಯ ಮೇಲಲ್ಲ, ಆ ಚೀಟಿಯ ಮೇಲೆ. ಒಂದು ವರ್ಷ ಅದನ್ನು ದುಡ್ಡಿನ ಜೊತೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ ಪಾಪ, ತೂತು ಮಾತ್ರ ದೊಡ್ಡದಾಗುತ್ತಾ ಹೋಗಿದೆ.

ಪುಣ್ಯಕ್ಕೆ ನರದ ತನಕ ಹೋಗಿರಲಿಲ್ಲ. ಅಲ್ಲೇ ತುಂಬಿದೆ. ಸಣ್ಣ ಚಮಚದಂಥ ಉಪಕರಣದಿಂದ ಮೆತ್ತಗಾದ ಭಾಗ ಕೆರೆದು, ಪುಡಿ ಮತ್ತು ದ್ರವ ಕಲಸಿ, ಬೆರಳಲ್ಲಿ ಒತ್ತೋದು. ಡ್ರಿಲ್ ಬೇಡ, ಕರೆಂಟ್ ಬೇಡ, ಸೂಜಿಯೂ ಬೇಡ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಕರೆಂಟಿಲ್ಲದ ಕಡೆಗೆಂದೇ ಶುರುವಾದ ವಿಧಾನ ಇದು. ಹೀಗೆ ಕಲಸಿ ತುಂಬುವ ಈ ಗ್ಲಾಸ್ ಅಯನೋಮರ್ ಸಿಮೆಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿದೆ. ಹುಳುಕು ಮುಂದುವರಿಯದಂತೆ ಹಚ್ಚುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಕೂಡ ಅದರಲ್ಲಿದೆ. ಅದನ್ನು ಹಚ್ಚಿದರೆ ಹುಳುಕಿನ ಜಾಗ ಕಪ್ಪಾಗುತ್ತೆ, ಮೊದಲೇ ಮನೆಯವರಿಗೆ ಹೇಳಬೇಕು, ಅಷ್ಟೇ.

ವಾಪಸ್ ಬರುವಾಗ ಚಾಂದಣಿ ಚೌಕದ ಟ್ರಾಫಿಕ್‌ನಲ್ಲಿ ಕ್ಯಾಂಪಿಗೆ ಜೊತೆಗೆ ಬರುವ ಡಾಕ್ಟರ್ ಸರ್ ಹೇಳಿದರು: "ಒಂದೊಂದು ಮಗುವಿಗೆ 20 ನಿಮಿಷ ತಗೊಂಡ್ರೆ ಹೇಗಮ್ಮ? ಕ್ಯಾಂಪಿಗೆ ದುಡ್ಡು ಕೊಡೋರು ಎಷ್ಟು ಮಕ್ಕಳನ್ನ ನೋಡಿದ್ರಿ ಅಂತ ಕೇಳ್ತಾರೆ."

ಸರ್ ಕೆಟ್ಟವರಲ್ಲ. ತಮ್ಮ ಕ್ಲಿನಿಕ್ ಮುಚ್ಚಿ ಬರುತ್ತಾರೆ, ಡೀಸೆಲ್ ಖರ್ಚೂ ಅವರದೇ. ಆದರೂ ಸುಮ್ನೆ ಇರೋಕೆ ಆಗಲಿಲ್ಲ. ನೋಡುವ ಕೆಲಸವನ್ನು 2013ರಿಂದ ಸರ್ಕಾರವೇ ಮಾಡುತ್ತಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗಳಿಗೆ ಹೋಗುತ್ತೆ, ತಪಾಸಣೆಯಲ್ಲಿ ಹಲ್ಲೂ ಇದೆ, ಹುಳುಕಿದ್ದರೆ ದೊಡ್ಡಾಸ್ಪತ್ರೆಗೆ ಬರೆದು ಕಳಿಸುತ್ತಾರೆ. ನಾವೂ ಹೋಗಿ ಬ್ರಷ್ ಹಂಚಿ, ಫೋಟೋ ತೆಗೆಸಿಕೊಂಡು, ಇನ್ನೊಂದು ಚೀಟಿ ಬರೆದರೆ ಯಾರಿಗೆ ಏನು ಸಿಕ್ಕಿತು? ಕಡಿಮೆ ಮಕ್ಕಳನ್ನೇ ನೋಡೋಣ, ಆದರೆ ನೋಡಿದ ಮಗುವಿನ ಹಲ್ಲನ್ನು ಅವತ್ತೇ ಅಲ್ಲೇ ಮುಗಿಸೋಣ ಸರ್ ಅಂದೆ. ಸರ್ ಉತ್ತರ ಕೊಡಲಿಲ್ಲ, ಎಫ್‌ಎಂ ಹಾಕಿದರು.

ಹುಡುಗಿಯ ಮೇಲಿನ ದವಡೆ ಹಲ್ಲುಗಳು ಇನ್ನೂ ಚೆನ್ನಾಗಿವೆ. ಅವುಗಳ ಗೀರಿಗೆ ಸೀಲೆಂಟ್, ಅಂದರೆ ಗೀರು ಮುಚ್ಚುವ ತೆಳು ಲೇಪ, ಹಾಕಿಬಿಟ್ಟರೆ ಉಳಿಯುತ್ತವೆ. ಆದರೆ ಶನಿವಾರ ಬೆಳಗಿನ ಶಾಲೆ, ಬೇಗ ಬಿಟ್ಟಿತು. ಕಟ್ಟಡ ಮಾರ್ಚಿಗೆ ಮುಗಿಯುತ್ತಂತೆ, ಆಮೇಲೆ ಅವರು ಹಿಂಜೆವಾಡಿಗೋ, ಊರಿಗೋ. ಜನವರಿಯೊಳಗೆ ಹೋಗಲೇಬೇಕು. ಸರ್ ಬರದಿದ್ದರೆ ಸ್ಕೂಟರ್‌ನಲ್ಲೇ ಹೋಗಬಹುದು, ಸಾಮಾನೆಲ್ಲ ಒಂದು ಚೀಲಕ್ಕೆ ಹಿಡಿಯುತ್ತೆ. ಶಾಲೆಯವರು ಮಾತ್ರ ನನ್ನೊಬ್ಬಳಿಗೇ ಅನುಮತಿ ಕೊಡ್ತಾರೋ ಇಲ್ಲವೋ, ಸೋಮವಾರ ಹೆಡ್‌ಮಾಸ್ತರರಿಗೆ ಫೋನ್ ಮಾಡಿ ಕೇಳಬೇಕು.