ಶಿಖರದಲ್ಲಿ ಗಿಡ ಎಣಿಸುವ ಕೆಲಸ: ಪಟ್ಟಿ ಉದ್ದವಾದರೆ ಏನರ್ಥ?

ಬೇಸಿಗೆಯಲ್ಲಿ ನನಗೆ ಸಂಬಳ ಸಿಗುವುದು ಒಂದು ಚದರ ಮೀಟರ್ ನೆಲವನ್ನು ದಿಟ್ಟಿಸಿ ನೋಡುವುದಕ್ಕೆ. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ, ಮರಗಳೆಲ್ಲ ಕೆಳಗೇ ಉಳಿದು ಬಂಡೆ, ಜಲ್ಲಿ, ಅಲ್ಲಲ್ಲಿ ಕರಗದ ಹಿಮ ಮಾತ್ರ ಇರುವ ಎತ್ತರದಲ್ಲಿ ನಮ್ಮ ತಂಡ ಗಿಡ ಎಣಿಸುತ್ತದೆ. ಚಳಿಗಾಲವಿಡೀ ಆ ಎಣಿಕೆಯನ್ನು ಕಂಪ್ಯೂಟರಿಗೆ ಏರಿಸುವುದು, ಹಳೆಯ ಪಟ್ಟಿಗಳ ಜೊತೆ ತಾಳೆ ನೋಡುವುದು. ಮಲೆನಾಡಿನಲ್ಲಿ ಬೆಳೆದ ನನಗೆ ಗಿಡ ಗುರುತಿಸುವುದೆಂದರೆ ಕತ್ತೆತ್ತುವ ಕೆಲಸವಾಗಿತ್ತು. ಇಲ್ಲಿ ಮೊಣಕಾಲೂರಿ, ಮೂಗು ನೆಲಕ್ಕೆ ತಾಗುವಷ್ಟು ಬಾಗಬೇಕು.

ತಂಡಕ್ಕೆ ಹೊಸದಾಗಿ ಸೇರುವ ವಿದ್ಯಾರ್ಥಿಗಳೂ ಊರಿನಿಂದ ಫೋನ್ ಮಾಡುವ ಅಣ್ಣನೂ ಕೇಳುವ ಪ್ರಶ್ನೆ ಒಂದೇ: “ಭೂಮಿ ಬಿಸಿಯಾಗಿ ಬೆಟ್ಟದ ತುದಿಯಲ್ಲಿ ಗಿಡಗಳು ಹೆಚ್ಚುತ್ತಿವೆ ಎಂದರೆ ಒಳ್ಳೆಯದೇ ಆಯಿತಲ್ಲ?”

ಹೆಚ್ಚುತ್ತಿರುವುದಂತೂ ನಿಜ. ಸ್ವಿಟ್ಜರ್‌ಲೆಂಡಿನ 3,410 ಮೀಟರ್ ಎತ್ತರದ ಪಿಟ್ಸ್ ಲಿನಾರ್ಡ್ ಶಿಖರವನ್ನು 1835ರಲ್ಲಿ ಹತ್ತಿದ ಸಸ್ಯವಿಜ್ಞಾನಿ ಓಸ್ವಾಲ್ಡ್ ಹೇರ್ ಅವರಿಗೆ ತುದಿಯಲ್ಲಿ ಕಂಡದ್ದು ಒಂದೇ ಒಂದು ಪ್ರಭೇದದ ಹೂಗಿಡ, ಆಂಡ್ರೊಸೇಸ್ ಆಲ್ಪಿನಾ. 2011ರ ಹೊತ್ತಿಗೆ ಅಲ್ಲಿ 16 ಪ್ರಭೇದಗಳಿದ್ದವು. ಹೀಗೆ ಹಳೆಯ ದಾಖಲೆ ಉಳಿದಿರುವ ಯೂರೋಪಿನ 302 ಶಿಖರಗಳ ಲೆಕ್ಕ 2018ರಲ್ಲಿ ಪ್ರಕಟವಾಯಿತು. 2007ರಿಂದ 2016ರವರೆಗಿನ ದಶಕದಲ್ಲಿ ಹೊಸ ಪ್ರಭೇದಗಳು ಮೇಲೇರಿ ಬಂದ ವೇಗ, ಐವತ್ತು ವರ್ಷ ಹಿಂದಿನ ದಶಕದ ವೇಗಕ್ಕಿಂತ ಐದು ಪಟ್ಟು. ತಾಪಮಾನ ಏರುವ ಗತಿ ಚುರುಕಾದಂತೆ ಗಿಡಗಳ ಗತಿಯೂ ಚುರುಕಾಗಿದೆ. ಪತ್ರಿಕೆಯವರಿಗೆ ಈ ಅಂಕಿ ಬಲು ಇಷ್ಟ. ನನಗೆ ಅಷ್ಟಿಲ್ಲ. ಪ್ರಭೇದಗಳ ಸಂಖ್ಯೆಯ ಕಾಲಂ ನಮ್ಮ ನಮೂನೆಯಲ್ಲಿ ಮೊದಲಿಗಿದೆ. ನಾನು ಅದನ್ನು ಕೊನೆಗೆ ಓದುತ್ತೇನೆ.

ಮೊದಲು ನೋಡಬೇಕಾದದ್ದು ಎಣಿಸಿದವರ ಕಣ್ಣು ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು. ನಮ್ಮ ಸಲಕರಣೆ ಒಂದು ಚೌಕಟ್ಟು. ಅದಕ್ಕೆ ಅಡ್ಡ ಉದ್ದ ದಾರ ಬಿಗಿದರೆ ಹತ್ತು ಸೆಂಟಿಮೀಟರ್ ಬದಿಯ ನೂರು ಮನೆಗಳಾಗುತ್ತವೆ. ಹಿಂದಿನವರು ನೆಲದಲ್ಲಿ ಹುಗಿದಿಟ್ಟ ಗುರುತುಗಳನ್ನು ಹುಡುಕಿ, ಹಳೆಯ ಫೋಟೋ ಹಿಡಿದು, ಚೌಕಟ್ಟನ್ನು ಅದೇ ಜಾಗದಲ್ಲಿ ಕೂರಿಸುತ್ತೇವೆ. ಒಂದು ಮನೆ ಪೂರ್ತಿ ತುಂಬಿದ್ದರೆ ಆ ಗಿಡದ ಹೊದಿಕೆ ಶೇಕಡಾ 1. ಕಿರುಬೆರಳಿನ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರ್ ಇದ್ದರೆ ಶೇಕಡಾ 0.01. ಅಳತೆಗೆ ಕತ್ತರಿಸಿದ ಕಾಗದದ ತುಂಡುಗಳು ಜೇಬಿನಲ್ಲೇ ಇರುತ್ತವೆ. ಇಬ್ಬರು ಬೇರೆ ಬೇರೆಯಾಗಿ ಅಂದಾಜು ಮಾಡಿ ಆಮೇಲೆ ಬಾಯಿಬಿಟ್ಟು ಹೇಳುವುದು ನಮ್ಮ ಕ್ರಮ. ಇಬ್ಬರ ಅಂಕಿ ಒಂದೇ ಆಗುವುದು ಅಪರೂಪ. ಹೂವಿಲ್ಲದ ಹುಲ್ಲಿನ ಎರಡು ಎಳೆ, ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಮೊಳಕೆ, ಕೈ ಮರಗಟ್ಟುವ ಗಾಳಿ. ಇಂಥಲ್ಲಿ ಯಾರ ಕಣ್ಣೂ ತಪ್ಪಬಹುದು.

ಹೊಸಬರಿಗೆ ಹೊಸ ಹೆಸರು ಸಿಕ್ಕರೆ ಹಬ್ಬ. “ಹಿಂದಿನ ಪಟ್ಟಿಯಲ್ಲಿ ಇದಿಲ್ಲ!” ಎಂದು ಕೂಗುತ್ತಾರೆ. ಆಗ ನಾನು ಕೇಳುವುದು ಗಿಡ ಎಷ್ಟು ದೊಡ್ಡದಿದೆ ಎಂದು. ಇಲ್ಲಿನ ದಿಂಬಿನಾಕಾರದ ಗಿಡಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಹರಡುತ್ತವೆ. ಅಂಗೈ ಅಗಲದ ಸೈಲೀನ್ ಅಕಾಲಿಸ್ ಕಂಡಿತೆಂದರೆ ಅದು ಹತ್ತು ವರ್ಷದ ಹಿಂದೆಯೂ ಅಲ್ಲೇ ಇತ್ತು, ಹಿಂದಿನವರು ಅದನ್ನು ಕಾಣಲಿಲ್ಲ, ಅಷ್ಟೇ. ಹಳೆಯ ಫೋಟೋದಲ್ಲಿ ಹುಡುಕಿದರೆ ಬಹಳ ಸಲ ಒಂದು ಹಸಿರು ಚುಕ್ಕೆ ಸಿಗುತ್ತದೆ. ಅದನ್ನು ‘ಹೊಸತು’ ಎಂದು ಬರೆದರೆ ಬೆಟ್ಟ ಮಾಡದ ಕೆಲಸವನ್ನು ಬೆಟ್ಟದ ತಲೆಗೆ ಕಟ್ಟಿದಂತೆ. ಇಂಥ ತಪ್ಪುಗಳನ್ನೆಲ್ಲ ಕಳೆದ ಮೇಲೂ ಏರಿಕೆ ಉಳಿಯುತ್ತದೆ; ಅದರಲ್ಲಿ ಸಂಶಯವಿಲ್ಲ.

ಆಮೇಲೆ ನಾನು ಹೋಗುವುದು ಹೊದಿಕೆಯ ಕಾಲಂಗೆ. ಟಿರೋಲಿನ 3,497 ಮೀಟರ್ ಎತ್ತರದ ಶ್ರಾಂಕೋಗೆಲ್ ಪರ್ವತದಲ್ಲಿ 1994ರಲ್ಲಿ ಶಾಶ್ವತ ಚೌಕಗಳನ್ನು ಗುರುತಿಸಿ, 2004ರಲ್ಲಿ ಮತ್ತೆ ಎಣಿಸಿದರು. ಪ್ರಭೇದಗಳ ಸಂಖ್ಯೆ ಹೆಚ್ಚಿತ್ತು. ಅದೇ ಚೌಕಗಳಲ್ಲಿ, ಹಿಮದಂಚಿನ ಅತಿ ಎತ್ತರಕ್ಕೇ ಒಗ್ಗಿದ ಪ್ರಭೇದಗಳ ಹೊದಿಕೆ ಕುಗ್ಗಿತ್ತು. 2014ರ ಎಣಿಕೆಯಲ್ಲಿ ಈ ಬದಲಾವಣೆ ಇನ್ನೂ ಚುರುಕಾಗಿತ್ತು. ಹೆಸರು ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಗಿಡ ಮಾತ್ರ ನಾಲ್ಕು ಮನೆಯಿಂದ ಒಂದು ಮನೆಗೆ ಇಳಿದಿರುತ್ತದೆ. ಒಂದು ಎಲೆ ಉಳಿದರೂ ಸಂಖ್ಯೆಯ ಕಾಲಂನಲ್ಲಿ ಅದಕ್ಕೆ ಪೂರ್ತಿ ಅಂಕ.

ಗಿಡಗಳು ಬೇಗ ಸಾಯುವುದಿಲ್ಲವೆಂಬುದೇ ಈ ಕೆಲಸದ ದೊಡ್ಡ ತೊಡಕು. ಆಲ್ಪ್ಸ್‌ನ ಎತ್ತರದ ಹುಲ್ಲುಗಾವಲನ್ನು ಆವರಿಸುವ ಕಾರೆಕ್ಸ್ ಕರ್ವುಲಾ ಎಂಬ ಜೇಕಿನ ಒಂದೊಂದು ಬುಡವೂ ಬೇರಿನಿಂದಲೇ ಹರಡುತ್ತಾ ಸಾವಿರಾರು ವರ್ಷ ಬಾಳಬಲ್ಲದು. ಸೈಲೀನ್ ದಿಂಬುಗಳಲ್ಲಿ ಮುನ್ನೂರು ವರ್ಷ ದಾಟಿದವೂ ಇವೆ. ಇವು ತಳವೂರಿದ ಕಾಲದ ಹವೆ ಈಗಿಲ್ಲ. ಹೊಸ ಸಸಿ ಏಳದಿದ್ದರೂ ಮುದಿ ಗಿಡ ಹಳೆಯ ಬಲದ ಮೇಲೆ ಹಸಿರಾಗಿಯೇ ಕಾಣುತ್ತದೆ. ವಿಜ್ಞಾನಿಗಳು ಇದನ್ನು ಅಳಿವಿನ ಸಾಲ ಎನ್ನುತ್ತಾರೆ. ಕೆಳಗಿನಿಂದ ಬರುವ ಪ್ರಭೇದ ಒಂದೇ ಬೀಜದಿಂದ ಪಟ್ಟಿಗೆ ಸೇರುತ್ತದೆ. ಮೇಲಿನದು ಪಟ್ಟಿಯಿಂದ ಬಿಡಬೇಕಾದರೆ ಅದರ ಕೊನೆಯ ಗಿಡವೂ ಸಾಯಬೇಕು. ಈ ಎರಡರ ನಡುವಿನ ಅವಧಿಯಲ್ಲಿ ನಾವು ಎಣಿಸುತ್ತಿದ್ದೇವೆ, ಹಾಗಾಗಿ ಪಟ್ಟಿ ಉದ್ದವಾಗಿ ಕಾಣುತ್ತಿದೆ.

ಹೂವಿನ ವಿಷಯದಲ್ಲೂ ಇಂಥದೇ ಸಾವಧಾನ ಬೇಕು. ಆಲ್ಪ್ಸ್‌ನಲ್ಲೂ ಆರ್ಕ್ಟಿಕ್‌ನಲ್ಲೂ ಬೆಳೆಯುವ ಬಿಸ್ಟೋರ್ಟಾ ವಿವಿಪಾರಾ ಎಂಬ ಗಿಡವಿದೆ: ತೆನೆಯ ಮೇಲ್ಭಾಗದಲ್ಲಿ ಬಿಳಿ ಹೂ, ಕೆಳಭಾಗದಲ್ಲಿ ಬೀಜದ ಬದಲು ಪುಟ್ಟ ಗಡ್ಡೆಗಳು. ಅಮೆರಿಕದ ಕೊಲರಾಡೊ ಪರ್ವತಗಳಲ್ಲಿ ಇದರ ಮೊಗ್ಗುಗಳನ್ನು ಬಿಡಿಸಿ ನೋಡಿದಾಗ, ಒಂದು ಎಲೆಯೋ ತೆನೆಯೋ ಮೊಳೆತು ಪೂರ್ತಿ ಬಲಿಯಲು ನಾಲ್ಕು ವರ್ಷ ಹಿಡಿಯುತ್ತದೆಂದು ತಿಳಿಯಿತು. ಈ ಬೇಸಿಗೆಯಲ್ಲಿ ಅರಳಿದ ತೆನೆಯ ಆರಂಭ ಹಿಂದಿನ ಬೇಸಿಗೆಗಳಲ್ಲೇ ಆಗಿತ್ತು. “ಈ ವರ್ಷ ಬಿಸಿಲು ಜೋರು, ಅದಕ್ಕೇ ಹೂ ಹೆಚ್ಚು” ಎಂದು ಟಿಪ್ಪಣಿ ಬರೆದ ಹುಡುಗನಿಗೆ ಆ ಸಾಲನ್ನು ಅಳಿಸಲು ಹೇಳಿದೆ. ಅವನು ಒಪ್ಪಲಿಲ್ಲ, ಒಂದು ಸಂಜೆಯಿಡೀ ವಾದ ಮಾಡಿದ. ವಾದ ಮಾಡುವವರೇ ಈ ಕೆಲಸಕ್ಕೆ ಲಾಯಕ್ಕು.

ಹಾಗಾದರೆ ಕೊಲ್ಲುವುದು ಸೆಕೆಯೇ? ನೇರವಾಗಿ ಅಲ್ಲವೆಂದೇ ಹಲವು ಪ್ರಯೋಗಗಳು ಹೇಳುತ್ತವೆ. ಸ್ವಿಟ್ಜರ್‌ಲೆಂಡಿನ ಕಲಾಂಡಾ ಬೆಟ್ಟದಲ್ಲಿ ಸಂಶೋಧಕರು ಎತ್ತರದ ಗಿಡಗಳನ್ನು ಮಣ್ಣು ಸಮೇತ ಕೆಳಕ್ಕೆ ಒಯ್ದು ನೆಟ್ಟರು. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ತಮ್ಮ ಹಳೆಯ ನೆರೆಯವರ ನಡುವೆಯೇ ಇದ್ದ ಗಿಡಗಳು ಬೆಚ್ಚನೆಯ ಜಾಗದಲ್ಲೂ ಅಷ್ಟಾಗಿ ಸೊರಗಲಿಲ್ಲ. ಕೆಳಗಿನ ಎತ್ತರದ ಅಪರಿಚಿತ ಗಿಡಗಳ ನಡುವೆ ಸಿಕ್ಕವು ಹೆಚ್ಚು ಸೋತವು. ಅಂದರೆ ಮೇಲಕ್ಕೆ ಬಂದು ಪಟ್ಟಿಯನ್ನು ಉದ್ದ ಮಾಡಿದ ಪ್ರಭೇದವೇ ಮುಂದೆ ಅದೇ ಪಟ್ಟಿಯಿಂದ ಇನ್ನೊಂದನ್ನು ಅಳಿಸಬಹುದು. ಹಿಮದಂಚಿನ ಗಿಡಗಳು ಚಳಿ, ಗಾಳಿ, ಜಾರುವ ಜಲ್ಲಿಗೆ ಜಗ್ಗುವುದಿಲ್ಲ; ತಮಗಿಂತ ಒಂದು ಗೇಣು ಎತ್ತರದ ನೆರೆಯವರು ನೆರಳು ಹಾಕಿದರೆ ಬಾಡುತ್ತವೆ.

ಆರ್ಕ್ಟಿಕ್‌ನಲ್ಲಿ ಇದೇ ಪ್ರಶ್ನೆಯನ್ನು ಬೇರೆ ಉಪಾಯದಿಂದ ಕೇಳುತ್ತಾರೆ. 1990ರಲ್ಲಿ ಆರಂಭವಾದ ಐಟೆಕ್ಸ್ ಎಂಬ ಅಂತಾರಾಷ್ಟ್ರೀಯ ಪ್ರಯೋಗದಲ್ಲಿ, ಮೇಲೆ ಬಾಯ್ದೆರೆದ ಆರು ಬದಿಯ ಪಾರದರ್ಶಕ ಪುಟ್ಟ ಆವರಣಗಳನ್ನು ನೆಲದ ಮೇಲಿಟ್ಟು ಒಳಗಿನ ಗಾಳಿಯನ್ನು ಒಂದೆರಡು ಡಿಗ್ರಿ ಬಿಸಿ ಮಾಡುತ್ತಾರೆ. ಅಲಾಸ್ಕದಿಂದ ಸ್ವಾಲ್ಬಾರ್ಡ್‌ವರೆಗೆ ಅನೇಕ ಕಡೆ ಇಂಥವು ನಿಂತಿವೆ. ಒಟ್ಟಾರೆ ಕಂಡದ್ದು: ಗಿಡಗಳ ಎತ್ತರ ಹೆಚ್ಚಿತು, ಬೆಚ್ಚನೆಯ ಟಂಡ್ರಾದಲ್ಲಿ ಪೊದೆಗಳು ಕೊಬ್ಬಿದವು, ಪಾಚಿ ಮತ್ತು ಕಲ್ಲುಹೂ ಕಡಿಮೆಯಾದವು. ಇಲ್ಲೂ ಎತ್ತರದವರೇ ಗೆದ್ದರು.

ಹಿಮದ ಬಗ್ಗೆ ಒಂದು ಮಾತು, ಏಕೆಂದರೆ ಊರಿನವರು ಇದನ್ನು ನಂಬುವುದೇ ಇಲ್ಲ. ಚಳಿಗಾಲದಲ್ಲಿ ಗಿಡವನ್ನು ಬೆಚ್ಚಗಿಡುವುದು ಹಿಮ. ದಪ್ಪ ಹಿಮದಡಿಯಲ್ಲಿ ಹುಗಿದ ನಮ್ಮ ತಾಪಮಾಪಕಗಳು ಚಳಿಗಾಲವೆಲ್ಲ ಸೊನ್ನೆಯ ಆಸುಪಾಸಿನ ನೇರ ಗೆರೆ ಎಳೆಯುತ್ತವೆ, ಮೇಲೆ ಗಾಳಿ ಎಷ್ಟೇ ಕೊರೆಯಲಿ. ಹಿಮ ಬೇಗ ಕರಗಿದರೆ ಗಿಡ ಬೇಗ ಚಿಗುರುತ್ತದೆ, ಆಮೇಲೆ ಬರುವ ಒಂದು ರಾತ್ರಿಯ ಕೊರೆತಕ್ಕೆ ಮೊಗ್ಗುಗಳು ಕಪ್ಪಾಗುತ್ತವೆ. ಬಿಸಿಯಾಗುವ ಜಗತ್ತಿನಲ್ಲಿ ಗಿಡ ಚಳಿಗೆ ಸಾಯುವುದು ಹೀಗೆ.

ಸೈಲೀನ್‌ಗೆ ಮತ್ತೆ ಬರುತ್ತೇನೆ. ಅದು ನನ್ನ ಮೆಚ್ಚಿನ ಗಿಡ. ಅಲಾಸ್ಕದಿಂದ ನ್ಯೂ ಮೆಕ್ಸಿಕೊವರೆಗೆ ಇದನ್ನೂ ಬಿಸ್ಟೋರ್ಟಾವನ್ನೂ ಹಿಂಬಾಲಿಸಿದ ಅಧ್ಯಯನವೊಂದು 2010ರಲ್ಲಿ ಬಂತು. ದಕ್ಷಿಣದಲ್ಲಿ ಬದುಕುಳಿಯುವ ಗಿಡಗಳು ಕಡಿಮೆ, ಆದರೆ ಉಳಿದವು ಬೇಗ ಬೆಳೆಯುತ್ತವೆ. ನಷ್ಟಕ್ಕೂ ಲಾಭಕ್ಕೂ ಸರಿಹೋಗಿ ಒಟ್ಟು ಸಂಖ್ಯೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಅತಿ ಬಿಸಿಯ ವರ್ಷಗಳಲ್ಲಿ ಮಾತ್ರ ಬದುಕುಳಿಯುವುದು, ಬೆಳೆಯುವುದು ಎರಡೂ ಒಟ್ಟಿಗೆ ಕುಸಿದವು. ಇದನ್ನು ಓದಿದ ಮೇಲೆ ನಾನು ‘ಬದಲಾವಣೆ ಇಲ್ಲ’ ಎಂಬ ಷರಾ ಬರೆಯುವುದನ್ನು ನಿಲ್ಲಿಸಿದ್ದೇನೆ. ಆ ಜಾಗದಲ್ಲಿ ಎಷ್ಟು ಸಸಿ, ಎಷ್ಟು ಒಣಗಿದ ಭಾಗ ಎಂದು ಬಿಡಿಬಿಡಿಯಾಗಿ ಬರೆಯುತ್ತೇನೆ. ಕೆಲಸ ಹೆಚ್ಚು, ಗೊಣಗುವವರೂ ಹೆಚ್ಚು.

ಪಟ್ಟಿ ಎಲ್ಲೆಡೆ ಉದ್ದವಾಗುತ್ತಿದೆ ಎಂದೂ ತಿಳಿಯಬೇಡಿ. ಯೂರೋಪಿನ 66 ಶಿಖರಗಳನ್ನು 2001ರಲ್ಲೂ 2008ರಲ್ಲೂ ಒಂದೇ ಕ್ರಮದಲ್ಲಿ ಎಣಿಸಿದಾಗ, ಉತ್ತರದ ಮತ್ತು ಮಧ್ಯದ ಶಿಖರಗಳಲ್ಲಿ ಸರಾಸರಿ 3.9 ಪ್ರಭೇದಗಳು ಹೆಚ್ಚಿದ್ದವು. ಮೆಡಿಟರೇನಿಯನ್ ಸುತ್ತಲಿನ ಶಿಖರಗಳಲ್ಲಿ 1.4 ಕಡಿಮೆಯಾಗಿದ್ದವು. ಅಲ್ಲಿ ಬೇಸಿಗೆಯಲ್ಲಿ ನೀರೇ ಇಲ್ಲ. ಬೆಚ್ಚಗಾದರೆ ಸಾಲದು, ಮಣ್ಣು ಒದ್ದೆ ಇರಬೇಕು. ಸ್ಪೇನಿನ ಸಿಯೆರ್ರಾ ನೆವಾಡಾದಂಥ ಬೆಟ್ಟಗಳಲ್ಲಿ ಜಗತ್ತಿನ ಬೇರೆಲ್ಲೂ ಬೆಳೆಯದ ಪ್ರಭೇದಗಳಿವೆ, ಅವಕ್ಕೆ ಹತ್ತಿ ಹೋಗಲು ಇನ್ನೊಂದು ಬೆಟ್ಟವಿಲ್ಲ.

ಇಂಥ ಕಡೆ ‘ಇಲ್ಲ’ ಎಂದು ಬರೆಯುವುದೇ ಕಠಿಣ ಕೆಲಸ. ಗಿಡ ಸತ್ತಿರಬಹುದು, ಆ ವರ್ಷ ನೆಲದಡಿಯಲ್ಲೇ ಉಳಿದಿರಬಹುದು, ಕಲ್ಲಿನ ಹಿಂದೆ ಇರಬಹುದು, ನೋಡುವವರಿಗೆ ಹಸಿವಾಗಿರಬಹುದು. ನಮ್ಮ ತಂಡದಲ್ಲಿ ಒಂದು ಪ್ರಭೇದ ಚೌಕದಲ್ಲಿದೆ ಎಂದು ಬರೆಯಲು ಒಬ್ಬರ ಸಹಿ ಸಾಕು. ಹಿಂದೆ ಇದ್ದದ್ದು ಈಗಿಲ್ಲ ಎಂದು ಬರೆಯಲು ಇಬ್ಬರು ನೂರೂ ಮನೆಗಳನ್ನು ಬೇರೆ ಬೇರೆಯಾಗಿ ಹುಡುಕಿ ಸಹಿ ಹಾಕಬೇಕು.