ಚಿಗವ್ವ ಕೇಳಿದ ಲೆಕ್ಕ, ನನ್ನ ಮೂವತ್ತು ಸಾಲಿನ ಪೈಥಾನ್

ನಮ್ಮ ಚಿಗವ್ವ ಅಂಗನವಾಡಿ ಕಾರ್ಯಕರ್ತೆ. ಕಲ್ಯಾಣ ಕರ್ನಾಟಕದ ಒಂದು ಹಳ್ಳಿ. ಜಿಲ್ಲೆಯ ಹೆಸರು ಇಲ್ಲಿ ಬೇಡ, ಹೇಳಿದರೆ ಅವಳ ಗುರುತು ಸಿಕ್ಕಿಬಿಡುತ್ತದೆ. ಹೋದ ದೀಪಾವಳಿಗೆ ಊರಿಗೆ ಹೋದಾಗ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ ಅಂತ ಹೇಳಿದೆ. ಅದರಿಂದ ಏನು ಮಾಡ್ತಾರೆ ಅಂತ ಕೇಳಿದಳು. ರಾಶಿ ಅಂಕಿ ಇದ್ದರೆ ಬೇಗ ಲೆಕ್ಕ ತೆಗೆಯಬಹುದು ಅಂದೆ.

"ಹಂಗಾರ ನಮ್ಮ ಜಿಲ್ಲಾದಾಗ ರಕ್ತ ಕಡಿಮಿ ಇರೋ ಬಸುರಿ ಹೆಣ್ಮಕ್ಕಳು ಎಷ್ಟು ಮಂದಿ ಅದಾರ, ಬಾಕಿ ಜಿಲ್ಲಾಕ್ಕಿಂತ ಹೆಚ್ಚೋ ಕಡಿಮಿನೋ, ಅಷ್ಟು ತೆಗದು ಹೇಳು. ತಾಯಂದಿರ ಸಭೆಯೊಳಗ ಹೇಳಾಕ ಬೇಕು" ಅಂದಳು.

ನಾನು ಹುಬ್ಬಳ್ಳಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ದಿನವಿಡೀ ಟ್ಯಾಲಿ, ಎಕ್ಸೆಲ್. ಪೈಥಾನ್ ಶುರು ಮಾಡಿ ಆಗ ನಾಲ್ಕು ತಿಂಗಳಾಗಿತ್ತು, ಪಾಠದಲ್ಲಿ ಕೊಟ್ಟ ಉದಾಹರಣೆಗಳನ್ನು ಬಿಟ್ಟು ಬೇರೆ ಏನನ್ನೂ ಮಾಡಿರಲಿಲ್ಲ. ನಿಜವಾಗಿ ಒಬ್ಬರಿಗೆ ಬೇಕಾದ ಲೆಕ್ಕ ಅಂತ ಸಿಕ್ಕಿದ್ದು ಇದೇ ಮೊದಲು.

ಅಂಕಿ ಎಲ್ಲಿ ಸಿಗುತ್ತದೆ ಅಂತ ಹುಡುಕಿದಾಗ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಸಿಕ್ಕಿತು. ಐದನೇ ಸುತ್ತು 2019ರಿಂದ 2021ರವರೆಗೆ ನಡೆದಿದೆ, ದೇಶದ 707 ಜಿಲ್ಲೆಗಳಲ್ಲಿ. ಪ್ರತಿ ಜಿಲ್ಲೆಗೂ ಬೇರೆ ಬೇರೆ ಪಟ್ಟಿ ಇದೆ, ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಕರ್ನಾಟಕದ್ದು ಮೂವತ್ತು ಜಿಲ್ಲೆ, ಯಾಕೆಂದರೆ ವಿಜಯನಗರ ಜಿಲ್ಲೆ ಆಗಿದ್ದು 2021ರಲ್ಲಿ, ಸಮೀಕ್ಷೆಯ ಹೊತ್ತಿಗೆ ಅದು ಬಳ್ಳಾರಿಯೊಳಗೇ ಇತ್ತು. ಪಟ್ಟಿ ಎಲ್ಲ ಪಿಡಿಎಫ್‌ನಲ್ಲಿವೆ. ಅದರಿಂದ ಅಂಕಿ ತೆಗೆಯುವ ಸಾಧನಗಳಿವೆ, ನಾನು ಅದರ ತಂಟೆಗೆ ಹೋಗಲಿಲ್ಲ. ಮೂವತ್ತು ಪಿಡಿಎಫ್ ತೆರೆದು ನನಗೆ ಬೇಕಾದ ನಾಲ್ಕೈದು ಅಂಕಿಗಳನ್ನು ಮಾತ್ರ ಕೈಯಲ್ಲೇ ಟೈಪ್ ಮಾಡಿದೆ. ಎರಡು ಸಂಜೆ ಹಿಡಿಯಿತು. ಹೊಸದಾಗಿ ಕಲಿಯುವವರು ಒಂದು ಸಲವಾದರೂ ಹೀಗೆ ಕೈಯಲ್ಲಿ ಟೈಪ್ ಮಾಡಬೇಕು ಅಂತ ನನಗೆ ಅನ್ನಿಸುತ್ತದೆ. ಒಂದೊಂದು ಅಂಕಿಯೂ ಕಣ್ಣ ಮುಂದೆ ಹಾದು ಹೋಗುತ್ತದೆ. ಯಾದಗಿರಿಯ ಹಾಳೆಯಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಮಕ್ಕಳು ಅರ್ಧಕ್ಕಿಂತ ಜಾಸ್ತಿ ಅಂತ ಟೈಪ್ ಮಾಡುವಾಗ ಕೈ ತಾನಾಗೇ ನಿಂತುಬಿಟ್ಟಿತು.

ಆಮೇಲೆ ಗೂಗಲ್ ಕೊಲ್ಯಾಬ್ ತೆರೆದೆ, ಅಂತರ್ಜಾಲದಲ್ಲೇ ಪೈಥಾನ್ ಬರೆದು ಓಡಿಸುವ ಜಾಗ ಅದು. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರ್ ಇದ್ದರೆ ಸಾಕು. ಪಟ್ಟಿಗಳನ್ನು ಓದಿ ಲೆಕ್ಕ ಮಾಡುವ ಪಾಂಡಾಸ್ ಅನ್ನುವ ಪೈಥಾನ್ ಸಾಧನ ತಂದುಕೊಂಡು, ನಾನು ಟೈಪ್ ಮಾಡಿಟ್ಟಿದ್ದ ಪಟ್ಟಿಯ ಸಿಎಸ್‌ವಿ ಫೈಲ್ ಓದಿಸಿ, ಗರ್ಭಿಣಿಯರ ರಕ್ತಹೀನತೆಯ ಕಾಲಂ ಹಿಡಿದು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸು ಅಂತ ಹೇಳಿದೆ. ಸಾರ್ಟ್ ವ್ಯಾಲ್ಯೂಸ್, ಒಂದೇ ಸಾಲು. ಚಿಗವ್ವನ ಜಿಲ್ಲೆ ಪಟ್ಟಿಯ ಮೇಲ್ಗಡೆಯೇ ಬಂತು, ಅಂದರೆ ರಕ್ತಹೀನತೆ ಕಡಿಮೆ ಇರುವ ಕಡೆ. ಖುಷಿಯಾಯಿತು. ಆಗಲೇ ಫೋನ್ ಮಾಡಿ ಹೇಳಿದೆ, ಚಿಗವ್ವ, ನಿಮ್ಮ ಜಿಲ್ಲೆ ರಾಜ್ಯದಲ್ಲೇ ಚೆನ್ನಾಗಿರೋ ಜಿಲ್ಲೆಗಳ ಸಾಲಿನಲ್ಲಿದೆ ಅಂತ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಏ, ಅದು ಹೆಂಗ ಆಕ್ಕೈತಿ? ನನ್ನ ವಹಿಯೊಳಗ ಇರೋ ಬಸುರಿ ಹೆಣ್ಮಕ್ಕಳೊಳಗ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಹನ್ನೊಂದರ ಕೆಳಗ ಐತಿ. ಇನ್ನೊಮ್ಮೆ ನೋಡು."

ಹನ್ನೊಂದು ಅಂದರೆ ಹಿಮೋಗ್ಲೋಬಿನ್. ಒಂದು ಡೆಸಿಲೀಟರ್ ರಕ್ತದಲ್ಲಿ 11 ಗ್ರಾಂಗಿಂತ ಕಡಿಮೆ ಇದ್ದರೆ ಗರ್ಭಿಣಿಗೆ ರಕ್ತಹೀನತೆ ಅಂತ ಲೆಕ್ಕ. ಗರ್ಭಿಣಿ ಅಲ್ಲದ ಹೆಂಗಸರಿಗೆ ಆ ಗೆರೆ 12. ಚಿಗವ್ವನಿಗೆ ಇದು ಬಾಯಿಪಾಠ.

ಇನ್ನೊಮ್ಮೆ ನೋಡಿದೆ. ಪಟ್ಟಿಯ ಮೇಲ್ಗಡೆ ಇದ್ದ ಅಂಕಿಗಳೆಲ್ಲ ಬ್ರಾಕೆಟ್ ಒಳಗಿದ್ದವು. ಪಿಡಿಎಫ್‌ನಲ್ಲಿ ಹೇಗಿತ್ತೋ ಹಾಗೇ ನಾನು ಬ್ರಾಕೆಟ್ ಸಮೇತ ಟೈಪ್ ಮಾಡಿದ್ದೆ. ಕಾಲಂನಲ್ಲಿ ಒಂದೇ ಒಂದು ಬ್ರಾಕೆಟ್ ಇದ್ದರೂ ಸಾಕು, ಪಾಂಡಾಸ್ ಆ ಇಡೀ ಕಾಲಂ ಅನ್ನು ಅಂಕಿ ಅಂತ ಓದದೆ ಅಕ್ಷರ ಅಂತ ಓದುತ್ತದೆ. ಅಕ್ಷರಗಳ ಸಾಲಿನಲ್ಲಿ ಬ್ರಾಕೆಟ್ ಚಿಹ್ನೆ ಸೊನ್ನೆಗಿಂತ ಮೊದಲು ಬರುತ್ತದೆ. ಹಾಗಾಗಿ ಬ್ರಾಕೆಟ್ ಇರುವ ಜಿಲ್ಲೆಗಳೆಲ್ಲ, ಒಳಗೆ 30 ಇರಲಿ 60 ಇರಲಿ, ಮೇಲೆ ಬಂದು ಕೂತಿದ್ದವು. ಕೋಡ್ ತಪ್ಪು ಅಂತ ಒಂದು ಮಾತೂ ಹೇಳಿರಲಿಲ್ಲ. ಕೆಂಪು ಅಕ್ಷರದಲ್ಲಿ ಎರರ್ ಬಂದರೆ ಎಲ್ಲರೂ ಹೆದರುತ್ತಾರೆ, ಆದರೆ ಏನೂ ಬರದೆ ತಪ್ಪು ಉತ್ತರ ಬಂದಾಗಲೇ ನಿಜವಾಗಿ ಹೆದರಬೇಕು. ಡಿಟೈಪ್ಸ್ ಅಂತ ಒಂದು ಪದ ಬರೆದು ಕಾಲಂ ಯಾವ ಜಾತಿಯದು ಅಂತ ಮೊದಲೇ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಈಗ ಯಾವ ಫೈಲ್ ತೆರೆದರೂ ಅದೇ ನನ್ನ ಮೊದಲ ಕೆಲಸ.

ಒಂದು ಮಾತು. ಇದೇ ಜೋಡಣೆಯನ್ನು ಎಕ್ಸೆಲ್‌ನಲ್ಲೂ ಮಾಡಬಹುದಿತ್ತು, ಅಲ್ವಾ? ಮಾಡಬಹುದಿತ್ತು. ಆದರೆ ಎಕ್ಸೆಲ್‌ನಲ್ಲಿ ನಾನು ಏನು ಒತ್ತಿದೆ, ಯಾವಾಗ ಒತ್ತಿದೆ ಅನ್ನುವುದು ಮಾರನೇ ದಿನ ನನಗೇ ನೆನಪಿರುವುದಿಲ್ಲ. ಇಲ್ಲಿ ಪ್ರತಿ ಹೆಜ್ಜೆಯೂ ಬರೆದಿಟ್ಟಂತೆ ಉಳಿದಿತ್ತು. ಚಿಗವ್ವ ತಪ್ಪು ಅಂದ ಮೇಲೆ ಮೇಲಿಂದ ಕೆಳಗೆ ಓದಿಕೊಂಡು ಬಂದು ಯಾವ ಸಾಲಿನಲ್ಲಿ ಎಡವಿದೆ ಅಂತ ಹತ್ತು ನಿಮಿಷದಲ್ಲಿ ಹಿಡಿದೆ.

ತಿದ್ದುವುದಕ್ಕೆ ಅಂತರ್ಜಾಲದಲ್ಲಿ ಸಿಕ್ಕ ಮೊದಲ ಸಲಹೆ ಟು ನ್ಯೂಮೆರಿಕ್. ಅದಕ್ಕೆ ಕೋಅರ್ಸ್ ಅಂತ ಸೇರಿಸಿದರೆ, ಅಂಕಿ ಆಗಲಾರದ್ದನ್ನೆಲ್ಲ ಅದು ಖಾಲಿ ಮಾಡಿಬಿಡುತ್ತದೆ. ಮಾಡಿ ನೋಡಿದೆ, ಚಿಗವ್ವನ ಜಿಲ್ಲೆಯೇ ಮಾಯ! ಸರಾಸರಿ ಕೇಳಿದರೆ ಖಾಲಿ ಜಾಗಗಳನ್ನು ಸದ್ದಿಲ್ಲದೆ ಬಿಟ್ಟು ಉಳಿದವುಗಳ ಸರಾಸರಿ ಕೊಡುತ್ತದೆ. ಅದು ಬೇಡ ಅಂತ, ರಿಪ್ಲೇಸ್ ಬಳಸಿ ಬ್ರಾಕೆಟ್ ಕಿತ್ತು ಹಾಕಿ ಅಂಕಿ ಉಳಿಸಿಕೊಂಡೆ. ಆಮೇಲೆ ಅನುಮಾನ ಬಂತು. ಅವರು ಸುಮ್ನೆ ಬ್ರಾಕೆಟ್ ಹಾಕಿರುವುದಿಲ್ಲವಲ್ಲ?

ಪಿಡಿಎಫ್‌ನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅದರ ಉತ್ತರ ಇತ್ತು. ಬ್ರಾಕೆಟ್ ಅಂದರೆ ಆ ಅಂಕಿ ಬರೀ 25ರಿಂದ 49 ಜನರನ್ನು ನೋಡಿ ಬಂದದ್ದು. 25ಕ್ಕಿಂತ ಕಡಿಮೆ ಜನ ಇದ್ದರೆ ಅಂಕಿಯನ್ನೇ ಕೊಡದೆ ನಕ್ಷತ್ರ ಹಾಕುತ್ತಾರೆ. ದೇಶದಲ್ಲಿ ಒಟ್ಟು 7,24,115 ಮಹಿಳೆಯರನ್ನು ಮಾತಾಡಿಸಿದ್ದಾರೆ, ಅದನ್ನು 707 ಜಿಲ್ಲೆಗೆ ಭಾಗಿಸಿದರೆ ಒಂದು ಜಿಲ್ಲೆಗೆ ಸುಮಾರು 1,024 ಜನ. ಆ ಸಾವಿರದಲ್ಲಿ ಆ ದಿನ ಗರ್ಭಿಣಿಯರಾಗಿದ್ದವರು ಎಷ್ಟು ಜನ ಇರುತ್ತಾರೆ? ಮೂವತ್ತೋ, ನಲವತ್ತೋ. ಇಡೀ ಜಿಲ್ಲೆಯ ಗರ್ಭಿಣಿಯರ ಬಗ್ಗೆ ನಾನು ಫೋನಿನಲ್ಲಿ ಹೇಳಿದ ಮಾತು ಅಷ್ಟು ಜನರ ಬೆರಳ ತುದಿಯ ರಕ್ತದಿಂದ ಬಂದದ್ದು. ಮೂವತ್ತು ಜನರಲ್ಲಿ ಒಬ್ಬಳ ಫಲಿತಾಂಶ ಬದಲಾದರೆ ಶೇಕಡಾ ಅಂಕಿ ಮೂರಕ್ಕಿಂತ ಜಾಸ್ತಿ ಏರುಪೇರಾಗುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ನನಗೇ ಅಷ್ಟು ನಾಟುತ್ತಿರಲಿಲ್ಲ. ಹಾಗಾಗಿ ಪೈಥಾನ್‌ನಲ್ಲೇ ಒಂದು ಆಟ ಮಾಡಿದೆ. ಒಂದು ಊರಿನಲ್ಲಿ ನಿಜವಾಗಿಯೂ 100ಕ್ಕೆ 45 ಗರ್ಭಿಣಿಯರಿಗೆ ರಕ್ತಹೀನತೆ ಇದೆ ಅಂತ ಇಟ್ಟುಕೊಳ್ಳಿ. ಅಲ್ಲಿಂದ 40 ಜನರನ್ನು ಕಣ್ಣು ಮುಚ್ಚಿ ಆರಿಸಬೇಕು, ಅವರಲ್ಲಿ ಎಷ್ಟು ಜನರಿಗೆ ಇದೆ ಅಂತ ಎಣಿಸಬೇಕು, ಬರೆದಿಡಬೇಕು, ಮತ್ತೆ ಆರಿಸಬೇಕು, ಹೀಗೆ ಹತ್ತು ಸಾವಿರ ಸಲ. ಕಣ್ಣು ಮುಚ್ಚಿ ಆರಿಸುವುದಕ್ಕೆ ರ್ಯಾಂಡಮ್, ಮತ್ತೆ ಮತ್ತೆ ಮಾಡಿಸುವುದಕ್ಕೆ ಒಂದು ಫಾರ್ ಲೂಪ್, ಎಲ್ಲ ಸೇರಿ ಆರೇಳು ಸಾಲು. ಮುಗಿಯಲು ಒಂದೆರಡು ಸೆಕೆಂಡು. ಬಂದ ಉತ್ತರಗಳು ಹೆಚ್ಚುಕಡಿಮೆ 30ರಿಂದ 60ರವರೆಗೆ ಹರಡಿಕೊಂಡಿದ್ದವು. ಅದೇ ಊರು, ಅದೇ ಹೆಂಗಸರು, ಆದರೆ ಆರಿಸಿದ 40 ಜನರ ಮೇಲೆ ಒಮ್ಮೆ ರಾಜ್ಯದಲ್ಲೇ ಒಳ್ಳೆಯ ಊರು, ಇನ್ನೊಮ್ಮೆ ತೀರಾ ಕೆಟ್ಟ ಊರು. ನಲವತ್ತನ್ನು ಸಾವಿರ ಮಾಡಿ ಓಡಿಸಿದೆ. ಉತ್ತರಗಳು 42ರಿಂದ 48ರೊಳಗೆ ಬಂದು ಒತ್ತಿಕೊಂಡವು. ಸ್ಯಾಂಪಲ್ ಸೈಜ್ ಅನ್ನುವ ಪದವನ್ನು ಕಾಲೇಜಿನಲ್ಲಿ ಪರೀಕ್ಷೆಗೆ ಓದಿದ್ದೆ, ಅದರ ಅರ್ಥ ಕಣ್ಣಿಗೆ ಕಂಡಿದ್ದು ಆ ರಾತ್ರಿ.

ಮಾರನೇ ದಿನ ಚಿಗವ್ವನಿಗೆ ಹೇಳಿದೆ, ಗರ್ಭಿಣಿಯರ ಅಂಕಿ ಹಿಡಿದು ಜಿಲ್ಲೆ ಜಿಲ್ಲೆಗೆ ಹೋಲಿಸೋಕೆ ಆಗಲ್ಲ, 15ರಿಂದ 49 ವಯಸ್ಸಿನ ಎಲ್ಲ ಹೆಂಗಸರ ಅಂಕಿ ಹಿಡಿದರೆ ಆಗುತ್ತದೆ ಅಂತ. "ಆತು, ಅದನ್ನ ಹೇಳು ಮತ್ತ" ಅಂದಳು.

ಅದನ್ನು ತೆಗೆಯುವಾಗ ಇನ್ನೆರಡು ಕಡೆ ಕಾಲು ಸಿಕ್ಕಿಕೊಂಡಿತು. ಮೂವತ್ತು ಜಿಲ್ಲೆಯ ಸರಾಸರಿ ತೆಗೆದರೆ ರಾಜ್ಯದ ಅಂಕಿ ಬರುತ್ತದೆ ಅಂದುಕೊಂಡಿದ್ದೆ. ರಾಜ್ಯದ ಪಟ್ಟಿಯಲ್ಲಿ ಶೇಕಡಾ 47.8 ಅಂತ ಇದೆ, ನನ್ನದು ಅದಕ್ಕೆ ಕೂಡಲಿಲ್ಲ. ಲೆಕ್ಕ ಬರೆಯುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96,21,551, ಕೊಡಗಿನದು 5,54,519. ಹದಿನೇಳು ಪಟ್ಟು ವ್ಯತ್ಯಾಸ ಇರುವ ಎರಡು ಜಿಲ್ಲೆಗೆ ಒಂದೇ ತೂಕ ಕೊಟ್ಟರೆ ಹೇಗೆ ಕೂಡುತ್ತದೆ?

ಸರಿ, ಜನಸಂಖ್ಯೆಯನ್ನೂ ಪಕ್ಕದಲ್ಲಿ ಇಡೋಣ ಅಂತ ಜನಗಣತಿಯ ಪಟ್ಟಿಯನ್ನು ಮರ್ಜ್ ಮಾಡಿದೆ, ಅಂದರೆ ಜಿಲ್ಲೆಯ ಹೆಸರು ಹಿಡಿದು ಎರಡೂ ಪಟ್ಟಿ ಜೋಡಿಸಿದೆ. ಮೂವತ್ತು ಸಾಲು ಇಪ್ಪತ್ತಾಯಿತು. ನಾನು ಟೈಪ್ ಮಾಡುವಾಗ ಕಲಬುರಗಿ, ವಿಜಯಪುರ, ಬೆಳಗಾವಿ ಅಂತ ಈಗಿನ ಹೆಸರು ಹಾಕಿದ್ದೆ. ಜನಗಣತಿ ನಡೆದಾಗ ಅವು ಗುಲ್ಬರ್ಗ, ಬಿಜಾಪುರ, ಬೆಳಗಾಂ. ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ನಮಗೆ ಎರಡೂ ಒಂದೇ ಊರು ಅಂತ ಗೊತ್ತು, ಪೈಥಾನ್‌ಗೆ ಗೊತ್ತಿಲ್ಲ. ಎರಡೂ ಕಡೆ ಹೊಂದದ ಸಾಲನ್ನು ಮರ್ಜ್ ತಾನಾಗೇ ಬಿಸಾಡುತ್ತದೆ. ಲೆಫ್ಟ್ ಅಂತ ಸೇರಿಸಿದರೆ ಸಾಲು ಉಳಿಯುತ್ತದೆ, ಯಾವುದಕ್ಕೆ ಜೋಡಿ ಸಿಕ್ಕಿಲ್ಲ ಅಂತಲೂ ಕಾಣುತ್ತದೆ. ಹಳೆ ಹೆಸರು, ಹೊಸ ಹೆಸರು ಜೋಡಿಸಿ ಒಂದು ಡಿಕ್ಷನರಿ ಮಾಡಿಟ್ಟುಕೊಂಡೆ. ಕರ್ನಾಟಕದ ಯಾವ ಅಂಕಿ ಅಂಶ ಮುಟ್ಟಿದರೂ ಅದು ಬೇಕೇ ಬೇಕು.

ಕೊನೆಗೆ ಒಂದು ಬಾರ್ ಚಾರ್ಟ್. ಸಭೆಯಲ್ಲಿ ತೋರಿಸುವುದಕ್ಕೆ ಕನ್ನಡದಲ್ಲೇ ಇರಬೇಕು. ಪೈಥಾನ್‌ನಲ್ಲಿ ಚಾರ್ಟ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಕನ್ನಡದ ಜಾಗದಲ್ಲಿ ಖಾಲಿ ಚೌಕ ತೋರಿಸಿತು. ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಟ್ಟ ಮೇಲೆ ಅಕ್ಷರ ಬಂದವು, ಆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದು ಬಳ್ಳಾರಿ ಬಳ್ಳಾರಿಯಂತೆ ಕಾಣಲಿಲ್ಲ. ಪ್ಲಾಟ್ಲಿ ಅನ್ನುವ ಇನ್ನೊಂದು ಚಾರ್ಟ್ ಸಾಧನದಲ್ಲಿ ಮಾಡಿದಾಗ ಸರಿಯಾಯಿತು, ಅದರ ಚಿತ್ರ ಬ್ರೌಸರ್‌ನಲ್ಲೇ ಮೂಡುವುದರಿಂದ ಒತ್ತಕ್ಷರ ಕೂಡಿಸುವ ಕೆಲಸ ಬ್ರೌಸರ್ ಮಾಡುತ್ತದೆ. ಕನ್ನಡದಲ್ಲಿ ಚಾರ್ಟ್ ಮಾಡುವವರಿಗೆ ಇದೊಂದು ಗೊತ್ತಿದ್ದರೆ ಒಂದು ದಿನ ಉಳಿಯುತ್ತದೆ.

ಚಾರ್ಟ್ ಮೇಲೆ ನಾಲ್ಕನೇ ಸುತ್ತಿನ ರಾಜ್ಯದ ಅಂಕಿಯನ್ನೂ ಹಾಕಿದೆ. ಕರ್ನಾಟಕದ ಹೆಂಗಸರಲ್ಲಿ ರಕ್ತಹೀನತೆ ಆಗ ಶೇಕಡಾ 44.8 ಇತ್ತು, ಐದನೇ ಸುತ್ತಿಗೆ 47.8. ಐದು ವರ್ಷದೊಳಗಿನ ಮಕ್ಕಳಲ್ಲಿ 60.9 ಇದ್ದದ್ದು 65.5. ಇದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಆಸ್ಪತ್ರೆಯವರೆಗೆ ತಾಯಂದಿರನ್ನು ಮುಟ್ಟಿಸಿದ್ದೇವೆ, ರಕ್ತ ಮಾತ್ರ ಏರಿಲ್ಲ. ಚಿಗವ್ವನ ಹತ್ತಿರ ಇದಕ್ಕೆ ಬೇರೆಯೇ ಮಾತಿದೆ. ಕೆಂಪು ಕಬ್ಬಿಣದ ಗುಳಿಗೆ ಕೊಟ್ಟದ್ದಕ್ಕೆ ವಹಿಯಲ್ಲಿ ಸಹಿ ಇರುತ್ತದೆ, ನುಂಗಿದ್ದಕ್ಕೆ ಇರುವುದಿಲ್ಲ. ಹೊಟ್ಟೆ ತೊಳಸುತ್ತದೆ ಅಂತ ಎಷ್ಟೋ ಜನ ಗುಳಿಗೆಯನ್ನು ಡಬ್ಬಿಯಲ್ಲೇ ಇಟ್ಟಿರುತ್ತಾರೆ. ಅದಕ್ಕೇ ಅವಳು ಮಧ್ಯಾಹ್ನ ಅಂಗನವಾಡಿಗೆ ಮಾತೃಪೂರ್ಣ ಯೋಜನೆಯ ಊಟಕ್ಕೆ ಬಂದವರಿಗೆ ಅಲ್ಲೇ, ತನ್ನ ಕಣ್ಣೆದುರಿಗೇ ಗುಳಿಗೆ ನುಂಗಿಸುತ್ತಾಳೆ.

ಇನ್ನೊಂದು ವಿಷಯವನ್ನೂ ಅವಳಿಗೆ ಹೇಳಿದೆ. ಈ ಸಮೀಕ್ಷೆಯಲ್ಲಿ ರಕ್ತ ತೆಗೆದದ್ದು ಬೆರಳ ತುದಿಗೆ ಚುಚ್ಚಿ. ಬೆರಳನ್ನು ಜೋರಾಗಿ ಹಿಂಡಿದರೆ ರಕ್ತದ ಜೊತೆ ನೀರಿನಂಥ ದ್ರವವೂ ಸೇರಿ ಅಂಕಿ ಕಡಿಮೆ ಬರಬಹುದು. ರಕ್ತನಾಳದಿಂದ ತೆಗೆದ ರಕ್ತವೇ ನಂಬಿಕಸ್ತ ಅನ್ನುವ ವಾದ ಬಂದ ಮೇಲೆ ಆರನೇ ಸುತ್ತಿನಲ್ಲಿ ರಕ್ತಹೀನತೆಯನ್ನೇ ಕೈಬಿಟ್ಟರು, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಬೇರೆ ಸಮೀಕ್ಷೆಗೆ ಆ ಕೆಲಸ ಹೋಯಿತು. ಹಾಗಾಗಿ 44.8ರಿಂದ 47.8ಕ್ಕೆ ಏರಿದ್ದರಲ್ಲಿ ಪ್ರತಿ ದಶಾಂಶವನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬಾರದು. ಆದರೆ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರು ಅನ್ನುವ ಮಾತು ಇದರಿಂದ ಅಳಿಸಿ ಹೋಗುವುದಿಲ್ಲ.

ಚಾರ್ಟ್ ಕಳಿಸಿದೆ. ತಾಯಂದಿರ ಸಭೆಯಲ್ಲಿ ಮೊಬೈಲಿನಲ್ಲೇ ಎಲ್ಲರಿಗೂ ತೋರಿಸಿದಳಂತೆ. ಅಲ್ಲಿ ಒಬ್ಬಾಕೆ ಕೇಳಿದ್ದಾಳೆ, ಜಿಲ್ಲಾದ್ದು ಆತು, ನಮ್ಮೂರಿಂದು ಎಷ್ಟು ಐತಿ ಅಂತ. ಚಿಗವ್ವ ಅದನ್ನು ನನ್ನ ಮೇಲೆ ಹಾಕಿದಳು. ಸಮೀಕ್ಷೆ ಜಿಲ್ಲೆಗಿಂತ ಕೆಳಗೆ ಇಳಿಯುವುದಿಲ್ಲ, ತಾಲೂಕಿನ ಅಂಕಿಯೂ ಅದರಲ್ಲಿಲ್ಲ, ಊರಿನದಂತೂ ಇಲ್ಲವೇ ಇಲ್ಲ ಅಂತ ಹೇಳಿದೆ. ಊರಿನ ಅಂಕಿ ಇರುವುದು ನಿನ್ನ ವಹಿಯಲ್ಲಿ ಮಾತ್ರ ಅಂದೆ. ಹೆಸರು ಮಾತ್ರ ನನಗೆ ಬೇಡ ಅಂತಲೂ ಹೇಳಿದೆ.

ನಿನ್ನೆ ರಾತ್ರಿ ವಾಟ್ಸಾಪ್‌ನಲ್ಲಿ ಹನ್ನೊಂದು ಫೋಟೋ ಬಂದಿವೆ. ಪ್ರತಿ ಪುಟದಲ್ಲೂ ಹೆಸರಿನ ಕಾಲಂ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಮುಚ್ಚಿದ್ದಾಳೆ. ಪಕ್ಕದಲ್ಲಿ ಅವಳ ಕೈಬರಹದಲ್ಲಿ ತಿಂಗಳು, ತೂಕ, ರಕ್ತ. ಎಲ್ಲೂ ಬ್ರಾಕೆಟ್ ಇಲ್ಲ. ಎರಡು ಪುಟ ಟೈಪ್ ಮಾಡಿದ್ದೇನೆ, ಉಳಿದದ್ದು ಈ ಭಾನುವಾರ.