ಮಾರ್ಷಲ್ ಮನೆತನದ ವಂಶವೃಕ್ಷ: ನಾಲ್ಕು ವಾರದ ಕೆಲಸ, ಎರಡು ಹಾಳೆ

ಮೊದಲ ವಾರ

ಗೋಡೆಗೆ ಹಾಕುವಷ್ಟು ದೊಡ್ಡದಾಗಿ, ಕೈಯಲ್ಲೇ ಬರೆದು ಬಣ್ಣ ಹಾಕಿ ಒಂದು ವಂಶವೃಕ್ಷ ಮಾಡಬೇಕು ಅಂತ ತುಂಬ ದಿನದ ಆಸೆ. ಯಾರದ್ದು ಅನ್ನೋದು ಮೊದಲೇ ಗೊತ್ತಿತ್ತು. ವಿಲಿಯಂ ಮಾರ್ಷಲ್, ಪೆಂಬ್ರೋಕ್ ಸೀಮೆಯ ಅರ್ಲ್ ಅನ್ನೋ ದೊಡ್ಡ ಬಿರುದಿನವನು, 1219ರಲ್ಲಿ ತೀರಿಕೊಂಡ ದಂಡನಾಯಕ. ಅಪ್ಪ ಬದುಕಿದ್ದಾಗಲೇ ಪಟ್ಟ ಕಟ್ಟಿಸಿಕೊಂಡ ಕಿರಿಯ ಹೆನ್ರಿಯನ್ನೂ ಲೆಕ್ಕಕ್ಕೆ ಹಿಡಿದರೆ, ಇಂಗ್ಲೆಂಡಿನ ಐದು ರಾಜರ ಕೈಕೆಳಗೆ ದುಡಿದವನು.

ಎ1 ಅಳತೆಯ ದಪ್ಪ ಹಾಳೆ ತಂದೆ. ಅಡ್ಡ ಇಟ್ಟರೆ 84 ಸೆಂಟಿಮೀಟರ್ ಅಗಲ. ಮಾರ್ಷಲ್‌ಗೆ ಐದು ಗಂಡು, ಐದು ಹೆಣ್ಣು. ಗಂಡುಮಕ್ಕಳಿಗೆ ತಲಾ 12 ಸೆಂಟಿಮೀಟರ್ ಕೊಟ್ಟೆ. ಹೆಣ್ಣುಮಕ್ಕಳು ಬಲಗಡೆ ಅಂಚಿಗೆ, ತಲಾ 4. ನಮ್ಮ ಅಜ್ಜ ಬರೆದಿಟ್ಟಿರುವ ಮನೆಯ ವಂಶವೃಕ್ಷವೂ ಹೀಗೇ ಇದೆ. ಗಂಡುಮಕ್ಕಳ ಕೊಂಬೆ ಕೆಳಗಿಳಿಯುತ್ತಾ ಹೋಗುತ್ತದೆ, ಹೆಣ್ಣುಮಕ್ಕಳ ಹೆಸರು ಅಲ್ಲಿಗೇ ನಿಲ್ಲುತ್ತದೆ. ಅದೇ ಅಭ್ಯಾಸದಲ್ಲಿ ನಾನೂ ಗೆರೆ ಎಳೆದೆ.

ಮೇಲಿನ ಸಾಲಿನಲ್ಲಿ ಅಪ್ಪ ಜಾನ್ ಮಾರ್ಷಲ್. ಈ ಮನುಷ್ಯನ ಹೆಸರು ಬರೆಯುವಾಗ ಕೈ ಸ್ವಲ್ಪ ನಿಂತಿತು. 1152ರಲ್ಲಿ ರಾಜ ಸ್ಟೀಫನ್ ನ್ಯೂಬರಿ ಕೋಟೆಗೆ ಮುತ್ತಿಗೆ ಹಾಕಿದಾಗ, ಜಾನ್ ತನ್ನ ಪುಟ್ಟ ಮಗನನ್ನು ಒತ್ತೆ ಇಟ್ಟು ಕದನವಿರಾಮ ಪಡೆದ. ಆ ಬಿಡುವಿನಲ್ಲಿ ಕೋಟೆಯೊಳಗೆ ಜನ, ದವಸ ತುಂಬಿಸಿಕೊಂಡ. ಮಗನನ್ನು ನೇಣಿಗೆ ಹಾಕುತ್ತೇವೆ ಅಂತ ಹೇಳಿಕಳಿಸಿದರೆ, ಇದಕ್ಕಿಂತ ಒಳ್ಳೆ ಮಕ್ಕಳನ್ನು ಮಾಡೋಕೆ ಸುತ್ತಿಗೆ, ಅಡಿಗಲ್ಲು ಇನ್ನೂ ನನ್ನ ಹತ್ತಿರವೇ ಇದೆ ಅಂದನಂತೆ. ಆ ಮಗನೇ ವಿಲಿಯಂ. ಆಗ ಐದಾರು ವರ್ಷ. ಸ್ಟೀಫನ್‌ಗೆ ಮಗುವನ್ನು ಕೊಲ್ಲಲು ಮನಸ್ಸು ಬರಲಿಲ್ಲ. ಮುಂದೆ ಒಂದು ದಿನ ಡೇರೆಯೊಳಗೆ ರಾಜನೂ ಹುಡುಗನೂ ಗಿಡದ ಕಡ್ಡಿಗಳನ್ನೇ ಯೋಧರು ಮಾಡಿಕೊಂಡು ಆಡುತ್ತಿದ್ದರು ಅಂತ ಬರೆದಿದೆ. ಈ ವಿವರಗಳೆಲ್ಲ ಉಳಿದಿರುವುದು ವಿಲಿಯಮನ ಹಿರಿಮಗ ಬರೆಸಿದ, 19,000ಕ್ಕೂ ಹೆಚ್ಚು ಸಾಲಿನ ಫ್ರೆಂಚ್ ಕಾವ್ಯದಿಂದ.

ಎರಡನೇ ವಾರ

ಈ ವಾರ ಹೆಂಡತಿ. ಇಸಬೆಲ್ ಡಿ ಕ್ಲೇರ್.

ಅವಳ ಚೌಕ ಚಿಕ್ಕದಾಗಿ ಹಾಕಿದ್ದೆ. ಅಳಿಸಿ, ವಿಲಿಯಮನ ಚೌಕದಷ್ಟೇ ದೊಡ್ಡದು ಮಾಡಿದೆ. ಯಾಕೆ ಅಂದರೆ ವಿಲಿಯಂ ನಾಲ್ಕನೇ ಮಗ, ಪಾಲಿಗೆ ಅಂಗೈ ಅಗಲ ಜಾಗವೂ ಬರುವಂತಿರಲಿಲ್ಲ. ಯೌವನವೆಲ್ಲ ಫ್ರಾನ್ಸಿನ ಟೂರ್ನಮೆಂಟು ಅನ್ನೋ ಕುದುರೆ ಕಾಳಗದ ಪಂದ್ಯಗಳಲ್ಲಿ ಎದುರಾಳಿಗಳನ್ನು ಸೆರೆಹಿಡಿದು, ಅವರ ಕುದುರೆ ಮತ್ತು ಬಿಡುಗಡೆ ಹಣದಲ್ಲಿ ಬದುಕಿದವನು. 1189ರಲ್ಲಿ, ನಲವತ್ತು ದಾಟಿದ ಮೇಲೆ, ಹದಿಹರೆಯದ ಇಸಬೆಲ್ ಜೊತೆ ಮದುವೆಯಾಯಿತು. ಅವಳಪ್ಪ ಸ್ಟ್ರಾಂಗ್‌ಬೋ ಅಂತ ಹೆಸರಾದ ರಿಚರ್ಡ್ ಡಿ ಕ್ಲೇರ್. ತಾಯಿ ಈಫ, ಐರ್ಲೆಂಡಿನ ಲೆನ್‌ಸ್ಟರ್ ರಾಜನ ಮಗಳು. ಚೆಪ್‌ಸ್ಟೋ ಕೋಟೆ, ಲೆನ್‌ಸ್ಟರಿನ ಸೀಮೆ, ಪೆಂಬ್ರೋಕಿನ ಹಕ್ಕು, ಎಲ್ಲ ಅವಳ ಕಡೆಯಿಂದ ಬಂದದ್ದು.

ಅದನ್ನು ವಿಲಿಯಮನೇ ಎಲ್ಲರ ಮುಂದೆ ಒಪ್ಪಿಕೊಂಡಿದ್ದ. 1207ರಲ್ಲಿ ರಾಜ ಜಾನ್ ಅವನನ್ನು ಐರ್ಲೆಂಡಿನಿಂದ ಇಂಗ್ಲೆಂಡಿಗೆ ಕರೆಸಿಕೊಂಡ. ಹೊರಡುವ ಮೊದಲು ವಿಲಿಯಂ ಇಸಬೆಲಳ ಕೈ ಹಿಡಿದು ತನ್ನ ಜನರ ಮುಂದೆ ಕರೆತಂದ. ಇವಳೇ ನಿಮ್ಮ ಹುಟ್ಟು ಒಡತಿ, ನನಗಿರುವುದೆಲ್ಲ ಇವಳ ಹಕ್ಕಿನದು, ಬಸುರಿ ಬೇರೆ, ಕಾಪಾಡಿ ಅಂತ ಕೇಳಿಕೊಂಡ. ಅವನು ಆ ಕಡೆ ಹೋದ ಮೇಲೆ ಯುದ್ಧ ಮನೆ ಬಾಗಿಲಿಗೇ ಬಂತು. ಇಸಬೆಲ್ ಮತ್ತು ಅವಳ ಕಡೆಯವರು ಸೋಲಲಿಲ್ಲ.

ಬಣ್ಣದ ಕೆಲಸ ಕೆಟ್ಟಿತು. ಮನೆತನದ ಗುರುತಾದ ಮಾರ್ಷಲ್ ಗುರಾಣಿ ಎಡ ಅರ್ಧ ಹಳದಿ, ಬಲ ಅರ್ಧ ಹಸಿರು, ಮೇಲೆ ಹಿಂಗಾಲಲ್ಲಿ ಎದ್ದು ನಿಂತ ಕೆಂಪು ಸಿಂಹ. ಸಿಂಹದ ತಲೆ, ಮುಂಗಾಲು ಹಳದಿಯ ಮೇಲೆ ಚೆನ್ನಾಗಿ ಬಂತು. ಬೆನ್ನು, ಬಾಲ ಹಸಿರಿನ ಮೇಲೆ ಬಂದಾಗ ಪೋಸ್ಟರ್ ಬಣ್ಣ ಕಲೆತು ಕಾಚಿನ ಬಣ್ಣಕ್ಕೆ ತಿರುಗಿತು. ಬೇರೆ ಚೂರು ಹಾಳೆಯಲ್ಲಿ ಮೂರು ಸಲ ಮಾಡಿ ನೋಡಿದೆ. ಹಸಿರು ಪೂರ್ತಿ ಒಣಗಬೇಕು. ಅದರ ಮೇಲೆ ಸಿಂಹದ ಆಕಾರವನ್ನು ಬಿಳಿಯಲ್ಲಿ ಎರಡು ಕೈ ಬಳಿಯಬೇಕು. ಬಿಳಿಯೂ ಒಣಗಿದ ಮೇಲೆ, ಹೆಚ್ಚು ನೀರಿಲ್ಲದ ಕೆಂಪನ್ನು ಸೊನ್ನೆ ನಂಬರ್ ಬ್ರಷ್ಷಿನಲ್ಲಿ ಒಂದೇ ಸಲ ಎಳೆಯಬೇಕು, ತಿರುಗಿ ಉಜ್ಜಬಾರದು. ಹಾಗೆ ಮಾಡಿದರೆ ಬಾಲದ ತುದಿಯ ಕುಚ್ಚೂ ಸ್ಪಷ್ಟವಾಗಿ ಬರುತ್ತದೆ.

ಮೂರನೇ ವಾರ

ಲಿಂಕನ್ ಯುದ್ಧಕ್ಕೆ ಅಂತ ಮೂಲೆಯಲ್ಲಿ ಒಂದು ಚಿಕ್ಕ ಚೌಕ. ಮೇ 20, 1217. ಹೊಸ ರಾಜ ಮೂರನೇ ಹೆನ್ರಿಗೆ ಇನ್ನೂ ಒಂಬತ್ತು ವರ್ಷ, ಅರ್ಧ ದೇಶ ಫ್ರೆಂಚ್ ರಾಜಕುಮಾರ ಲೂಯಿ ಕೈಯಲ್ಲಿ. ರಾಜ್ಯ ನೋಡಿಕೊಳ್ಳುವ ಹೊಣೆ ಮಾರ್ಷಲ್ ಹೆಗಲ ಮೇಲೆ. ಎಪ್ಪತ್ತರ ಅಂಚಿನಲ್ಲಿದ್ದ ಅವನು 406 ನೈಟ್‌ಗಳು (ಕುದುರೆ ಯೋಧರು), 317 ಬಿಲ್ಲಾಳುಗಳ ಜೊತೆ ಬಂದ ಅನ್ನುತ್ತದೆ ಆ ಕಾವ್ಯ. ನುಗ್ಗುವ ಅವಸರದಲ್ಲಿ ಶಿರಸ್ತ್ರಾಣ ಹಾಕಿಕೊಳ್ಳೋದನ್ನೇ ಮರೆತಿದ್ದ, ಪಕ್ಕದ ಹುಡುಗ ನೆನಪಿಸಿದ. ಗೆದ್ದರು. ಆ ವರ್ಷವೇ ಲೂಯಿ ಒಪ್ಪಂದ ಮಾಡಿಕೊಂಡು ವಾಪಸ್ ಹೋದ.

ಆಮೇಲೆ ಗಂಡುಮಕ್ಕಳ ಸಾಲು. ಒಬ್ಬೊಬ್ಬರದೇ ಬರೆಯುತ್ತಾ ಹೋದೆ.

ಹಿರಿಯ ವಿಲಿಯಂ, ರಾಜನ ತಂಗಿ ಎಲಿನಾರ್‌ಳನ್ನು ಮದುವೆಯಾದವನು, 1231ರಲ್ಲಿ ತೀರಿಕೊಂಡ. ಮಕ್ಕಳಿಲ್ಲ. ರಿಚರ್ಡ್ ರಾಜನಿಗೆ ತಿರುಗಿಬಿದ್ದು, ಐರ್ಲೆಂಡಿನ ಕರಾ ಬಯಲಿನಲ್ಲಿ ಗಾಯಗೊಂಡು 1234ರಲ್ಲಿ ಸತ್ತ. ಮಕ್ಕಳಿಲ್ಲ. ಗಿಲ್ಬರ್ಟ್ ಚರ್ಚಿಗೆ ಸೇರಬೇಕಿದ್ದವನು. 1241ರಲ್ಲಿ ಟೂರ್ನಮೆಂಟಿನಲ್ಲಿ ಲಗಾಮು ಕಿತ್ತುಬಂದು, ಕಾಲು ರಿಕಾಪಿನಲ್ಲಿ ಸಿಕ್ಕಿ, ಕುದುರೆ ಎಳೆದುಕೊಂಡು ಹೋಯಿತು. ಅಪ್ಪ ಬದುಕು ಕಟ್ಟಿಕೊಂಡದ್ದೇ ಅಂಥ ಅಖಾಡದಲ್ಲಿ ಅಲ್ವಾ. ಅದನ್ನು ಬರೆದ ಮೇಲೆ ಪೆನ್ನು ಮುಚ್ಚಿಟ್ಟು ಆ ದಿನಕ್ಕೆ ಸಾಕು ಮಾಡಿದೆ.

ಉಳಿದಿಬ್ಬರು ಮರುದಿನ. ವಾಲ್ಟರ್, 1245ರ ನವೆಂಬರ್. ಆನ್ಸೆಲ್ಮ್, ಅದೇ ಡಿಸೆಂಬರ್. ಒಂದೇ ತಿಂಗಳ ಅಂತರ.

ಐವರಲ್ಲಿ ಯಾರಿಗೂ ವಾರಸುದಾರರಿಲ್ಲ. ಐರ್ಲೆಂಡಿನ ಫರ್ನ್ಸ್ ಬಿಷಪ್ಪನ ಜಮೀನು ಮಾರ್ಷಲ್ ಕಿತ್ತುಕೊಂಡಿದ್ದ, ಆ ಬಿಷಪ್ ಕೊಟ್ಟ ಶಾಪ ಇದು ಅಂತ ಆ ಕಾಲದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ಬರೆದಿದ್ದಾನೆ. ಶಾಪವೋ ಏನೋ, ನನ್ನ ಹಾಳೆಯಲ್ಲಿ ಮಾತ್ರ 60 ಸೆಂಟಿಮೀಟರ್ ಅಗಲದ ಜಾಗ ಖಾಲಿ. ಆ ಕಡೆ ಬಲ ಅಂಚಿನಲ್ಲಿ 4 ಸೆಂಟಿಮೀಟರಿನ ಐದು ಪಟ್ಟಿಗಳಲ್ಲಿ ಅಕ್ಷರ ಹಿಡಿಯುತ್ತಿಲ್ಲ. ಎರಡನೇ ಮಗಳು ಇಸಬೆಲಳ ಕೆಳಗೆ ಬರೆಯುತ್ತಾ ಹಾಳೆಯ ತುದಿಗೆ ಬಂದುಬಿಟ್ಟೆ.

ಆ ಹಾಳೆ ಸುರುಳಿ ಸುತ್ತಿ ಇಟ್ಟಿದ್ದೇನೆ. ಹೊಸದು ತಂದೆ.

ನಾಲ್ಕನೇ ವಾರ

ಈ ಸಲ ಹೆಣ್ಣುಮಕ್ಕಳಿಗೆ ತಲಾ 12, ಗಂಡುಮಕ್ಕಳಿಗೆ ತಲಾ 4. ಗಂಡುಮಕ್ಕಳ ಹೆಸರಿನ ಕೆಳಗೆ ಒಂದು ಅಡ್ಡಗೆರೆ, ಅಷ್ಟೇ.

ಆನ್ಸೆಲ್ಮ್ ಸತ್ತ ಮೇಲೆ ಆಸ್ತಿ ಐದು ಪಾಲಾಯಿತು, ಮಗಳಿಗೊಂದರಂತೆ. ಆ ಹೊತ್ತಿಗೆ ತೀರಿಕೊಂಡಿದ್ದ ಮಗಳಂದಿರ ಪಾಲು ಅವರ ಮಕ್ಕಳಿಗೆ. ಪ್ರತಿ ಮಗಳ ಕೆಳಗೆ ಅವಳ ಕಡೆಗೆ ಹೋದ ಕೋಟೆಯ ಹೆಸರು ಬರೆದಿದ್ದೇನೆ. ಹಿರಿಯ ಮಟಿಲ್ಡಾಗೆ ಚೆಪ್‌ಸ್ಟೋ. ಇಸಬೆಲ್ ಕಡೆಗೆ ಕಿಲ್ಕೆನಿ. ಸಿಬಿಲ್ ಕಡೆಗೆ ಕಿಲ್ಡೇರ್. ಈವಾ ಕಡೆಗೆ ಡನಮೇಸ್. ಕಿರಿಯ ಜೋನ್ ಕಡೆಗೆ ಪೆಂಬ್ರೋಕ್. ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು, ಹಾಗಾಗಿ ಅವಳ ಪಾಲು ಮತ್ತೆ ಏಳು ಹೋಳು. ಒಬ್ಬೊಬ್ಬಳಿಗೆ ಒಟ್ಟು ಆಸ್ತಿಯ 35ನೇ ಒಂದು ಭಾಗ. ಆ ಏಳು ಹೆಸರಿಗೆ ಎಲ್ಲಕ್ಕಿಂತ ಸಣ್ಣ ನಿಬ್ ಬೇಕಾಯಿತು.

ಕೊಂಬೆಗಳು ಎಲ್ಲೆಲ್ಲಿಗೆ ಹೋದವು ಅಂತ ನೋಡಿದಾಗ ನಿಜವಾಗಿ ಖುಷಿಯಾಯಿತು. ಇಸಬೆಲಳ ಮಗಳು ಸ್ಕಾಟ್ಲೆಂಡಿನ ಬ್ರೂಸ್ ಮನೆಗೆ ಸೊಸೆಯಾಗಿ ಹೋದಳು. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಇಂಗ್ಲಿಷರನ್ನು ಸೋಲಿಸಿದ ರಾಬರ್ಟ್ ಬ್ರೂಸ್ ಅವಳ ಮೊಮ್ಮಗ. ಈವಾಳ ಗಂಡ ವಿಲಿಯಂ ಡಿ ಬ್ರೋಸ್‌ನನ್ನು ವೇಲ್ಸಿನ ದೊರೆ ಲಿವೆಲಿನ್ 1230ರಲ್ಲಿ ನೇಣಿಗೆ ಹಾಕಿಸಿದ. ಉಳಿದದ್ದು ಅವಳೂ ನಾಲ್ಕು ಹೆಣ್ಣುಮಕ್ಕಳೂ. ಅವರಲ್ಲಿ ಒಬ್ಬಳು ಬೋಹನ್ ಮನೆಗೆ ಹೋದಳು, ಆ ಕೊಂಬೆಯಲ್ಲಿ ಇಂಗ್ಲೆಂಡಿನ ರಾಜ ಐದನೇ ಹೆನ್ರಿ. ಇನ್ನೊಬ್ಬಳು ಮಾರ್ಟಿಮರ್ ಮನೆಗೆ, ಆ ಕೊಂಬೆಯಲ್ಲಿ ರಾಜ ನಾಲ್ಕನೇ ಎಡ್ವರ್ಡ್.

ಜೋನಳ ಚೌಕದ ಪಕ್ಕ ಒಂದು ಸಾಲು ಜಾಸ್ತಿ ಬರೆದಿದ್ದೇನೆ. 1219ರಲ್ಲಿ ಕ್ಯಾವರ್‌ಶಮ್‌ನಲ್ಲಿ ಮಾರ್ಷಲ್ ಸಾವಿನ ಹಾಸಿಗೆಯಲ್ಲಿದ್ದಾಗ, ಅವನಿಗೆ ಹಾಡಬೇಕು ಅನ್ನಿಸಿತಂತೆ. ಹೆಣ್ಣುಮಕ್ಕಳನ್ನು ಕರೆಸಿದ. ಮಟಿಲ್ಡಾ ಹಾಡಿದಳು. ಜೋನ್‌ಗೆ ಇನ್ನೂ ಮದುವೆ ಆಗಿರಲಿಲ್ಲ, ನಾಚಿಕೊಂಡು ಮೆಲ್ಲಗೆ ಹಾಡಿದಳು. ನಾಚಿಕೊಳ್ಳಬೇಡ ಅಂತ ಹೇಳಿ, ಹೇಗೆ ಹಾಡಬೇಕು ಅಂತ ಅವನೇ ಹೇಳಿಕೊಟ್ಟ.

ಕೊನೆಗೆ ಉಳಿದದ್ದು ಮಟಿಲ್ಡಾಳ ಗಂಡನ ಮನೆ, ನಾರ್ಫೋಕಿನ ಬಿಗೋಡ್‌ಗಳ ಗುರಾಣಿ. ಹಳೆಯದು ಹಳದಿ ಮೇಲೆ ಕೆಂಪು ಶಿಲುಬೆ, ಅದನ್ನು ಬರೆದು ಮುಗಿಸಿದ್ದೆ. ಆದರೆ 1246ರಲ್ಲಿ ಮಾರ್ಷಲ್ ಅನ್ನೋ ಅರಮನೆ ಹುದ್ದೆ ಮಟಿಲ್ಡಾಗೆ ಬಂತು, ಅವಳಿಂದ ಮಗ ರೋಜರ್‌ಗೆ. ಮುಂದೆ ಬಿಗೋಡ್‌ಗಳು ತಮ್ಮ ಶಿಲುಬೆ ಬಿಟ್ಟು ಮಾರ್ಷಲ್ ಸಿಂಹವನ್ನೇ ತಂದುಕೊಂಡರು. ಹಾಗಾಗಿ ಶಿಲುಬೆಯ ಕೆಳಗೆ ಇನ್ನೊಂದು ಗುರಾಣಿ ಬೇಕು. ಎಡಕ್ಕೆ ಹಳದಿ, ಬಲಕ್ಕೆ ಹಸಿರು ಹಾಕಿ ಆಗಿದೆ. ಬಿಳಿಯೂ ಎರಡು ಕೈ ಆಯಿತು, ಈಗ ಫ್ಯಾನಿನ ಕೆಳಗೆ ಒಣಗುತ್ತಿದೆ. ನಾಳೆ ಬೆಳಗ್ಗೆ ಕೆಂಪು.